ಎಡಗಡೆಯ ಬೇರುಮೊಳೆ

ಬೇರುಮೊಳೆಯನ್ನು ಗೋಡೆಗೆ ಹೊಡೆಯುವುದಿಲ್ಲ, ನೆಡುತ್ತಾರೆ. ಜಿಪ್ಸಮ್ ಹಲಗೆಯಲ್ಲಿ ಕಿರುಬೆರಳು ಹಿಡಿಸುವಷ್ಟು ತೂತು ಕೊರೆದು, ಮೊಳೆ ತೂರಿಸಿ, ಎರಡು ಚಮಚ ನೀರು ಹನಿಸಿದರೆ ಆಯಿತು. ಅಣಬೆಯ ಎಳೆಗಳಿಂದ ಮಾಡಿದ ಅದರ ತುದಿ ಹಲಗೆಯ ಹಿಂದಿನ ಪೊಳ್ಳಿನಲ್ಲಿ ಕವಲೊಡೆದು, ಮೂರು ದಿನದಲ್ಲಿ ಒಳಗಿನ ಕಬ್ಬಿಣದ ಚೌಕಟ್ಟನ್ನು ಹುಡುಕಿ ಅಪ್ಪಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಬೇರು ದಪ್ಪವಾಗುತ್ತದೆ. 2061ರ ಹೊತ್ತಿಗೆ ಹುಬ್ಬಳ್ಳಿಯ ಹೊಸ ಮನೆಗಳ ಗೋಡೆಗಳೆಲ್ಲ ಪೊಳ್ಳೇ. ಪರದೆಯ ರಾಡು ಪ್ಲಾಸ್ಟರ್ ಸಮೇತ ಕಿತ್ತು ತಲೆಯ ಮೇಲೆ ಬೀಳುವ ಪೀಡೆ ತಪ್ಪಿಸಿದ್ದಕ್ಕೆ ಜನ ಬೇರುಮೊಳೆ ಕಂಡುಹಿಡಿದ ಡಾ. ನಿಖಿತಾ ಹಂಪಣ್ಣವರ ಹೆಸರು ಹೇಳಿ ಕೈ ಮುಗಿಯುತ್ತಿದ್ದರು.

ಹಾಗಾಗಿ ಒಂದು ಬೇರುಮೊಳೆ ಕೈಕೊಟ್ಟಿದೆ ಎಂಬ ದೂರು ಬಂದಾಗ ನಿಖಿತಾ ತಾವೇ ಹೊರಟುಬಂದರು. ಏಳನೇ ಮಹಡಿಯ ಬಾಡಿಗೆ ಮನೆ. ಬಾಗಿಲು ತೆರೆದವರು ವರ್ಷಾ ಬಡಿಗೇರ, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಗಂಡ ಸುಪ್ರೀತ ಪರದೆ ಹಾಕುವ ಕಸುಬಿನವರು. ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದು ಮೂರು ತಿಂಗಳ ಹಿಂದೆ ತೀರಿಕೊಂಡಿದ್ದರು.

"ನೋಡ್ರಿ ಮೇಡಂ, ಹೆಂಗ ಉಬ್ಬೇತಿ."

ಕಿಟಕಿಯ ಎಡಗಡೆ, ರಾಡಿನ ತುದಿ ಹಿಡಿದಿದ್ದ ಜಾಗದಲ್ಲಿ, ಗೋಡೆ ಅಂಗೈಯಗಲ ಉಬ್ಬಿ ಬಿರುಕು ಬಿಟ್ಟಿತ್ತು. "ಇದನ್ನ ಅವರ ಕೈಯಾರೆ ಹಾಕಿದ್ರು. ಮನಿ ಮಾಲಕರು ಅಂತಾರ, ನಿಮ್ಮ ಗಂಡಗ ಕೆಲಸಾನ ಬರ್ತಿದ್ದಿಲ್ಲಂತ. ಇಪ್ಪತ್ತೆಂಟು ವರ್ಷ ಊರ ತುಂಬ ಪರದಿ ಹಾಕ್ಯಾರ್ರಿ ಅವರು, ಒಂದೂ ಬಿದ್ದಿಲ್ಲ. ಸತ್ತ ಮ್ಯಾಲೆ ಹಿಂಗ ಅನಸ್ಕೋಬೇಕೇನ್ರಿ? ಕೆಲಸಾ ಚಲೋ ಇತ್ತಂತ ಒಂದ ಚೀಟಿ ಬರದ ಕೊಡ್ರಿ, ಸಾಕು."

ನಿಖಿತಾ ಪ್ಲಾಸ್ಟರ್ ಕತ್ತರಿಸಿ ನೋಡಿದರು. ಬಲಗಡೆಯ ಬೇರು ಬೆರಳಿನಷ್ಟು, ಎಡಗಡೆಯದು ಮಣಿಕಟ್ಟಿನಷ್ಟು! "ಮೊಳಿ ಸೋತಿಲ್ರಿ. ಬೇರು ದಪ್ಪಾಗಿ ಹಲಗೀನ ಒಡದೇತಿ. ಈ ಕಡೆ ಏನರ ವಜ್ಜೆ ತೂಗಹಾಕಿದ್ರೇನು?"

"ಇಲ್ರಿ, ಬರೇ ಪರದಿ."

ಬೇರಿನ ಒಂದು ಬಿಲ್ಲೆ ಕೊಯ್ದು ನಿಖಿತಾ ಕೈ ಸೂಕ್ಷ್ಮದರ್ಶಕದಡಿ ಇಟ್ಟರು. ಮರದ ಕಾಂಡದಲ್ಲಿ ವರ್ಷದ ಉಂಗುರವಿರುವಂತೆ ಬೇರುಮೊಳೆಯಲ್ಲಿ ದಿನದ ಉಂಗುರವಿರುತ್ತದೆ. ಹಗಲಿನ ಬಿಸಿಗೆ ತಿಳಿ ಬಣ್ಣ, ರಾತ್ರಿಯ ತಂಪಿಗೆ ಕಪ್ಪು. ಎಳೆತ ಬಿದ್ದಾಗಲೆಲ್ಲ ಅದರ ಮೇಲೊಂದು ಗೆರೆ, ಹೆಚ್ಚು ಹೊತ್ತು ಎಳೆದಷ್ಟೂ ದಪ್ಪ. ಇದು ಬೇಕೆಂದು ಮಾಡಿದ್ದಲ್ಲ, ಪದಾರ್ಥದ ಗುಣವೇ ಹಾಗೆ.

ಅಳೆದದ್ದನ್ನು ಬಾಯಿಬಿಟ್ಟು ಹೇಳಿಬಿಡುವುದು ವಿಜ್ಞಾನಿಗಳ ಕೆಟ್ಟ ಚಾಳಿ. ನಿಖಿತಾ ಹೇಳಿಬಿಟ್ಟರು. "ಯಾರೋ ಈ ಪರದಿ ಹಿಡಕೊಂಡು ಮೈಭಾರ ಬಿಟ್ಟಾರ್ರಿ. ದಿನಾ ಸಂಜಿ ಐದೂವರಿ ಸುಮಾರಿಗೆ. ಒಂದೂವರಿ ವರ್ಷ. ಮೊದಲ ಅರ್ಧಾ ನಿಮಿಷ, ಬರಬರ್ತ ಐದ ನಿಮಿಷ. ವಾರದಾಗ ಆರ ದಿನ ಗೆರಿ ಅದಾವು, ಏಳನೇದು ಖಾಲಿ."

"ಖಾಲಿ ಅಂದ್ರ..." ವರ್ಷಾ ಕಿಟಕಿಯತ್ತ ನೋಡಿದರು. ಕೆಳಗೆ ಬಸ್ ಸ್ಟಾಪು, ಅಲ್ಲಿಂದ ಗೇಟಿನವರೆಗಿನ ದಾರಿ ಪೂರಾ ಕಾಣುತ್ತಿತ್ತು. "ರವಿವಾರ ನಾ ಮನ್ಯಾಗ ಇರ್ತಿದ್ದೆ. ಉಳದ ದಿನಾ ಐದೂವರಿಗೆ ಇಲ್ಲೇ ಬಸ್ ಇಳೀತಿದ್ದೆ."

ಅವರು ಕಿಟಕಿ ಪಕ್ಕದಲ್ಲೇ ಇದ್ದ ಗಂಡನ ಮಂಚದ ಮೇಲೆ ಕೂತರು. "ಡಾಕ್ಟರು ಅವರಿಗೆ ನಿಂದ್ರೂದು ರೂಢಿ ಮಾಡಸ್ರಿ ಅಂದಿದ್ರು. ಮೊದಲನೇ ಸಲಾ ನನ್ನ ಮುಂದ ಬಿದ್ರು. ಆಮ್ಯಾಲೆ ನಾ ಎಬ್ಬಸಾಕ ಹೋದ್ರ ಗ್ವಾಡಿ ಕಡೆ ಮುಖಾ ತಿರಗಸ್ತಿದ್ರು. ದಿನಾ ನಾ ಬರೂದ್ರಾಗ ಪರದಿ ಒಂದ ಗೇಣ ಸರದಿರ್ತಿತ್ತು. ಗಾಳಿ ಅಂದ್ಕೊಂಡ ಮುಚ್ಚತಿದ್ದೆ. ಅಯ್ಯೋ, ಒಂದ ಸಲಾನೂ ಕೇಳಲಿಲ್ಲಲ್ರಿ ನಾ!"

ಗಿರಾಕಿಗಳ ಮನೆಯಲ್ಲೆಲ್ಲ 'ಪರದಿ ಸರಸ್ರಿ, ಜೋತ ಬೀಳಬ್ಯಾಡ್ರಿ' ಎಂದು ಬೈದು ಬರುತ್ತಿದ್ದ ಮನುಷ್ಯ ಸುಪ್ರೀತ. ತಾವು ನೆಟ್ಟ ಮೊಳೆಯ ಮೇಲೆ ಅಷ್ಟು ಭರವಸೆ ಇಟ್ಟು ಎದ್ದು ನಿಲ್ಲುತ್ತಿದ್ದರು.

"ಕಡೀ ದಿನದ ಗೆರಿ ಐತೇನ್ರಿ?"

ಇತ್ತು. ಎಲ್ಲಕ್ಕಿಂತ ದಪ್ಪ. ನಿಖಿತಾ ಈ ಸಲ ಬಾಯಿ ಬಿಗಿಹಿಡಿಯಲು ನೋಡಿದರು, ವರ್ಷಾ ಬಿಡಲಿಲ್ಲ.

"ಇಪ್ಪತ್ತ ನಿಮಿಷ."

"ಅವತ್ತು ಮುಂಜಾನೆ ಅವರಿಗೆ, 'ನಿಮಗ ಏಳೂ ಮನಸೇ ಇಲ್ಲ, ನನಗ ಸಾಕಾಗೇತಿ' ಅಂದ ಹೋಗಿದ್ದೆ," ಎಂದರು ವರ್ಷಾ. "ಸಂಜೀಕೂ ಸಿಟ್ಟ ಇಳದಿದ್ದಿಲ್ಲ. ಬೇಕಂತನ ಒಂದ ಬಸ್ ಬಿಟ್ಟ ಬಂದೆ. ನಾ ಬರೂದ್ರಾಗ ಹಾಸಿಗ್ಯಾಗ ಜೀವಾ ಹೋಗಿತ್ರಿ."

ನಿಖಿತಾ ಚೀಟಿ ಬರೆದರು: ಕೆಲಸದಲ್ಲಿ ದೋಷವಿಲ್ಲ. ವರ್ಷಾ ಅದನ್ನು ಮಾಲಕರಿಗೆ ಕೊಡಲೆಂದು ಮಡಚಿಟ್ಟು, ಬೇರಿನ ಬಿಲ್ಲೆಯನ್ನು ಕೇಳಿ ಇಸಿದುಕೊಂಡರು. ಅಳುತ್ತಲೇ ಅದರ ಕೊನೆಯ ದಪ್ಪ ಗೆರೆಯನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಿಖಿತಾ ಉಪಕರಣ ಕಟ್ಟಿಕೊಂಡರು.

ಇದೆಲ್ಲ ನಡೆಯಲು ಇನ್ನೂ ಮೂವತ್ತೈದು ವರ್ಷ ಇದೆ. ಈಗ ನಮ್ಮ ಗೋಡೆಗಳಲ್ಲಿರುವುದು ಬರೀ ಸ್ಕ್ರೂ. ಯಾರು ಪರದೆ ಹಿಡಿದು ನಮ್ಮ ದಾರಿ ಕಾಯುತ್ತ ಎಷ್ಟು ಹೊತ್ತು ನಿಂತಿದ್ದರೆಂದು ಅದು ಹೇಳುವುದಿಲ್ಲ. ಇಂದು ಸಂಜೆ ಮನೆಗೆ ಹೋದಾಗ ಪರದೆ ಒಂದು ಗೇಣು ಸರಿದಿದ್ದರೆ, ಮುಚ್ಚುವ ಮೊದಲು ಒಳಗಿದ್ದವರನ್ನು ಒಂದು ಮಾತು ಕೇಳಿ.