ಎರಡನೇ ದರ್ಜೆಯ ಬುಟ್ಟಿ

ಮೊಗ್ಗನ್ನು ಅರಳುವ ಮುಂಚೆಯೇ ಕೀಳಬೇಕೇ, ಅರಳಿದ ಮೇಲೂ ಕೀಳಬಹುದೇ ಎಂಬುದು ಚೀನಾದ ಮೆಂಗ್ ಬೆಟ್ಟದ ತಪ್ಪಲಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಇದರ ಮೇಲೆ ಸಂಬಂಧಗಳು ಕುದುರಿವೆ, ಮುರಿದಿವೆ. ನೆರೆಹೊರೆಯವರು ಹತ್ತು ವರ್ಷ ಮಾತು ಬಿಟ್ಟಿದ್ದಾರೆ. ಇಲ್ಲಿ ಬೆಳೆಯುವ ಬೆಳ್ಳಿಬಂಗಾರದ ಹೂವಿನ, ಅಂದರೆ ಹನಿಸಕಲ್‌ನ, ಔಷಧವೆಲ್ಲ ಬಿಗಿದ ಮೊಗ್ಗಿನಲ್ಲಿ. ಬಿಸಿಲೇರಿ ಬಾಯಿ ಬಿಟ್ಟಿತೋ, ಉಳಿಯುವುದು ಬರೀ ಪರಿಮಳ. ಬುಟ್ಟಿಯಲ್ಲಿ ಅರಳಿದ ಹೂ ಕಂಡರೆ ಕಿತ್ತವಳ ಮನಸ್ಸು ಬೇರೆಲ್ಲೋ ಇತ್ತೆಂದೇ ಊರಿನ ತೀರ್ಪು.

ಸುಚಿನ್‌ಳ ಬುಟ್ಟಿಯಲ್ಲಿ ಹನ್ನೊಂದು ವರ್ಷಗಳಿಂದ ಅಂಥದ್ದು ಒಂದೂ ಕಂಡಿರಲಿಲ್ಲ.

ಆ ಬೆಳಗ್ಗೆ ಅವಳ ಪಕ್ಕದಲ್ಲಿ ಕೂತು ಅದೇ ಬುಟ್ಟಿಗೆ ಕೀಳುತ್ತಿದ್ದವನು ಲುವಾನ್, ಜಿನಾನ್ ನಗರದ ಪ್ರಯೋಗಾಲಯದ ಸಂಶೋಧಕ. ಪ್ರತಿ ಜೂನ್‌ನಲ್ಲಿ ಮೊಗ್ಗಿನ ಮಾದರಿ ಒಯ್ಯಲು ಬರುತ್ತಿದ್ದ. ಇದು ಮೂರನೆಯ ಸಲ, ಕೊನೆಯದೂ. ಮಧ್ಯಾಹ್ನದ ಬಸ್ಸಿಗೆ ಹೊರಡುವವನು. ಅವನು ಇವತ್ತಲ್ಲ ನಾಳೆ ಬಾಯಿಬಿಟ್ಟಾನೆಂದು ಕಾದು ಸುಚಿನ್ ಎರಡು ಗಂಡುಗಳನ್ನು ಬೇಡವೆಂದಿದ್ದಳು. ಮೂರನೆಯವನ ಕಡೆಯವರು ನಾಳೆಯೇ ಬರುತ್ತಾರೆಂದು ಬೆಳಗ್ಗೆ ಅವನ ಕಿವಿಗೂ ಹಾಕಿದ್ದಳು. ಅವನು “ಓಹೋ” ಎಂದಿದ್ದ, ಅಷ್ಟೇ.

“ಮೇಷ್ಟ್ರೇ, ನಮ್ಮಜ್ಜಿ ಗಂಟಲು ನೋವಿಗೆ ಇದನ್ನೇ ಕುದಿಸಿ ಕೊಡೋಳು. ನಿಮ್ಮ ಮಿಷನ್ನು ಏನನ್ನುತ್ತೆ?” ಎಂದಳು ಸುಚಿನ್.

“ಅದೂ ಅಜ್ಜಿ ಕಡೆಗೇ. ಮೊಗ್ಗಿನ ಕಷಾಯ ಹಾಕಿದ ಜೀವಕೋಶಗಳಲ್ಲಿ ಉರಿಯೂತ ಇಳಿಯುತ್ತೆ. ಫ್ಲೂ ವೈರಸ್ಸೂ ಮಂಕಾಗುತ್ತೆ. ಇಷ್ಟು ಪುಟ್ಟ ಮೊಗ್ಗು!” ಅವನ ಕಣ್ಣು ಮಿನುಗಿತು; ಕೂಡಲೇ ತಡೆದುಕೊಂಡ. “ಗಾಜಿನ ತಟ್ಟೆಯಲ್ಲಿ ಮಾತ್ರ. ಮನುಷ್ಯರ ವಿಷಯ ಈಗಲೇ ಹೇಳೋಕಾಗಲ್ಲ.”

“ಮನುಷ್ಯರ ವಿಷಯ ನೀವು ಯಾವಾಗ ತಾನೇ ಹೇಳಿದೀರಿ?”

ಅವನ ಕಿವಿ ಕೆಂಪಾಯಿತು. ತಿಳಿದದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳದ ಈ ಗಂಡಸನ್ನು ಅವಳು ಮೆಚ್ಚಿದ್ದೂ ಅದಕ್ಕೇ, ಮನಸ್ಸಿನಲ್ಲೇ ಬೈಯುತ್ತಿದ್ದುದೂ ಅದಕ್ಕೇ. ಮೊಗ್ಗಿಗೆ ನೋವಾಗದಂತೆ ಬಿಡಿಸುವ ಅವನ ಬೆರಳನ್ನೇ ನೋಡುತ್ತ ಕೂತಳು. ಬಿಸಿಲು ಬೇಲಿ ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಖರೀದಿ ಅಂಗಳದಲ್ಲಿ ಮೊಗ್ಗಿನ ದರ್ಜೆ ತೀರ್ಮಾನಿಸುವ ಯಿನ್ ಅತ್ತೆ ಪದ್ಧತಿಯಂತೆ ಬುಟ್ಟಿಯನ್ನು ಎಲ್ಲರೆದುರು ಬಿಳಿ ಬಟ್ಟೆಯ ಮೇಲೆ ಸುರಿದಳು. ಹಸಿರು ಮೊಗ್ಗುಗಳ ನಡುವೆ ಅರಳಿದ ಹೂಗಳು. ಒಂದೆರಡಲ್ಲ, ಬೊಗಸೆ ತುಂಬ.

“ಅಯ್ಯೋ ನಮ್ಮಮ್ಮ! ಯಾರ ಮುಖ ನೋಡ್ಕೊಂಡು ಕಿತ್ತೆಯೇ?”

ಅಂಗಳವೆಲ್ಲ ನಕ್ಕಿತು. ಸುಚಿನ್ ತಲೆ ತಗ್ಗಿಸಿದಳು.

“ತಪ್ಪು ನಂದು ಅತ್ತೆ,” ಎಂದ ಲುವಾನ್. “ಅರಳಿದ್ದನ್ನ ಕಿತ್ತೋನು ನಾನು. ನಾನೂ ಇವಳ ಮುಖಾನೇ ನೋಡ್ತಿದ್ದೆ.”

ನಗು ನಿಂತಿತು. ಯಿನ್ ಅತ್ತೆ ಕೈಯಲ್ಲಿದ್ದ ಹೂವನ್ನು ಕೆಳಗಿಡುವುದನ್ನೂ ಮರೆತಳು.

“ಇದು ಖಚಿತವೋ,” ಸುಚಿನ್ ತಲೆಯೆತ್ತದೆ ಕೇಳಿದಳು, “ಇಲ್ಲಾ ಇನ್ನೂ ತಟ್ಟೆಯಲ್ಲೇ ಇದೆಯೋ?”

“ಮೂರು ಜೂನ್ ಪರೀಕ್ಷೆ ಮಾಡಿದೀನಿ. ಮೂರು ಸಲಾನೂ ಅದೇ ಫಲಿತಾಂಶ. ನಾಳೆ ಬರೋರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀಯಾ?”

“ಮೊದಲು ನೀವು ಆ ಬಸ್ಸು ತಪ್ಪಿಸಿಕೊಳ್ಳಿ.”

ಬುಟ್ಟಿ ಎರಡನೇ ದರ್ಜೆಗೆ ಹೋಯಿತು. ಮದುವೆ ಅಕ್ಟೋಬರಿನಲ್ಲಿ ಆಯಿತು.