ಸರ್ವರ್ ರೂಮಿಗೆ ಎರಡು ಲೋಟ ಚಹಾ

"ಅಮ್ಮ, ಇನ್ಮೇಲೆ ಸರ್ವರ್ ರೂಮಿಗೆ ನೀನು ಚಹಾ ಒಯ್ಯೋದು ಬೇಡ," ಎಂದ ನನ್ನ ಮಗ. ಈ ಆಸ್ಪತ್ರೆಗೆ ಅವನು ಮ್ಯಾನೇಜರ್. ಕ್ಯಾಂಟೀನು ನನ್ನದು. ನಮ್ಮ ಯಜಮಾನರು ತೀರಿಕೊಂಡಾಗಿನಿಂದ ಇಲ್ಲಿ ನಾನು ಕಾಸಿದ ಚಹಾ ಹರಿಯಬಿಟ್ಟರೆ ಊರು ಮುಳುಗಿ, ಪಕ್ಕದೂರಿನವರು ದೋಣಿ ಹುಡುಕಬೇಕು.

"ಯಾಕಪ್ಪ ಬೇಡ?"

"ಜನ ಆಡ್ಕೋತಾರೆ. ಈ ವಯಸ್ಸಲ್ಲಿ ನಿನಗೆ ಇದೆಲ್ಲ ಬೇಕಾ?"

ಬೇಕು ಅನ್ನಿಸಿತು. ಎರಡು ಲೋಟ ಹಿಡಿದು ಅವನ ಮುಂದೆಯೇ ಹೊರಟೆ.

ಆ ರೂಮಿನಲ್ಲಿ ಎಂಥ ಚಳಿ ಅಂದರೆ, ಆಡಿದ ಮಾತು ಹೆಪ್ಪುಗಟ್ಟಿ ನೆಲಕ್ಕೆ ಬೀಳಬೇಕು. ಅಲ್ಲಿ ಕೂತಿದ್ದರು ನನ್ನ ಕಪ್ಪುಪರದೆಯವರು. ಉಳಿದವರೆಲ್ಲ ಮೌಸ್ ಆಡಿಸುತ್ತಾರೆ; ಇವರು ಕಪ್ಪು ಪರದೆಯ ಮೇಲೆ ಒಂದು ಸಾಲು ಹುಕುಂ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತಂತೆ. ಆಸ್ಪತ್ರೆಯವರೆಲ್ಲರ ಹೆಸರು, ಫೋನು, ವಿಭಾಗ ಎಲ್ಲವನ್ನೂ ಹೊಸ ಡೈರೆಕ್ಟರಿ ಸರ್ವರ್‌ಗೆ ತುಂಬಲು ಬಂದವರು. ತುಂಬಿ ಮುಗಿದರೆ ಹೊರಟೇಹೋಗುತ್ತಾರೆ. ಅದನ್ನು ನೆನೆದರೇ ಎದೆ ಧಸಕ್ಕೆನ್ನುತ್ತಿತ್ತು.

"ಇವತ್ತು ಯಾರ ಸರದಿ?"

"ನರ್ಸ್‌ಗಳದ್ದು. ಮೊದಲು ವಿಭಾಗ ಇರಬೇಕು, ಆಮೇಲೆ ಅದರ ಕೆಳಗೆ ಜನ. ಇಲ್ಲಾಂದ್ರೆ ಸರ್ವರ್ ಒಳಗೇ ಬಿಟ್ಕೊಳ್ಳಲ್ಲ."

"ಭಾರಿ ಬಿಗುಮಾನ! ಥೇಟ್ ನಿಮ್ಮ ಹಾಗೆ."

ಅವರು ಕನ್ನಡಕದ ಮೇಲಿಂದ ನೋಡಿದರು. ಆ ನೋಟಕ್ಕೆ ಎಸಿಯೇ ಬೆವರಿತು, ಇನ್ನು ನನ್ನ ಪಾಡು ಕೇಳಬೇಡಿ.

ಅಷ್ಟರಲ್ಲಿ ಮಗ ನುಗ್ಗಿದ. ಹಿಂದೆಯೇ ಕಂಪ್ಯೂಟರ್ ವಿಭಾಗದ ಹುಡುಗಿ.

"ಇಷ್ಟು ದಿನ ಯಾಕೆ ಹಿಡೀತಿದೆ ಇದು?"

ಹುಡುಗಿ ಪರದೆಯನ್ನು ಇಣುಕಿದಳು. "ಸರ್, ಸರ್ವರ್ ನಿಲ್ಲಿಸಿ, ಎಲ್ಲರ ಹೆಸರಿರೋ ಇಡೀ ಫೈಲನ್ನ ಒಂದೇ ಸಲ ತುಂಬಿಸಿದ್ರೆ ಕ್ಷಣದಲ್ಲಿ ಮುಗಿಯುತ್ತಲ್ಲಾ? ನೀವು ಓಡ್ತಿರೋ ಸರ್ವರ್‌ಗೆ ದಿನಕ್ಕೊಂದು ವಿಭಾಗ ಹಾಕ್ತಿದ್ದೀರಿ!"

"ನಿಲ್ಲಿಸಿದ್ರೆ ಡಾಕ್ಟರುಗಳಿಗೆ ತೊಂದರೆ ಆಗುತ್ತೆ..."

"ಹೊಸ ಸರ್ವರ್ ಸರ್. ಇನ್ನೂ ಯಾರೂ ಬಳಸ್ತಾನೇ ಇಲ್ಲ."

ಕಪ್ಪುಪರದೆಯವರ ಕಿವಿ ಕೆಂಪಾದ ಪರಿ! ದೀಪ ಆರಿಸಿದ್ದರೆ ಆ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದೆ.

"ಬೇಗ ಮುಗಿದ್ರೆ," ಎಂದರು ನನ್ನನ್ನೇ ನೋಡುತ್ತ, "ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ."

ಅಯ್ಯೋ, ಈ ಬೆಪ್ಪನ್ನು ಹೇಗೆ ಪ್ರೀತಿಸದಿರಲಿ!

ಮಗ ಕೆಂಡವಾದ. "ಅಮ್ಮ, ಆಚೆ ನಡಿ. ಸ್ವಾಮಿ, ಇವತ್ತೇ ಮುಗಿಸಿ ಹೊರಡಿ."

ನಾನು ಅಲುಗಲಿಲ್ಲ. "ರೀ, ಈ ಹುಡುಗಿ ಹೇಳಿದ ಹಾಗೇ ಮಾಡಿ. ಒಂದೇ ಸಲ ತುಂಬಿಬಿಡಿ."

ಅವರು ಹೌಹಾರಿದರು. ಆದರೂ ಸರ್ವರ್ ನಿಲ್ಲಿಸಿ, ಒಂದು ಸಾಲು ಟೈಪಿಸಿ, ಎಂಟರ್ ಒತ್ತಿದರು. ಸಾಲುಗಳು ಸರಸರ ಓಡಿ ನಿಂತವು.

"ಮುಗೀತು," ಎಂದರು ಸತ್ತ ದನಿಯಲ್ಲಿ.

"ಮುಗೀಲಿ. ಇನ್ನು ನೆಪ ಇಲ್ದೇ ಬನ್ನಿ. ನನ್ನ ಮದುವೆ ಆಗೋದಾದ್ರೆ ಬರೋದೂ ಬೇಡ, ಇದ್ದೇಬಿಡಿ."

"ಅಮ್ಮಾ! ಜನ..."

"ಜನಕ್ಕೆ ನಾನೇ ಹೇಳ್ತೀನಿ, ನಿನಗ್ಯಾಕೆ ತ್ರಾಸು? ನಿನ್ನ ಸಾಕಿದ್ದೀನಿ ಕಣೋ, ನಿನ್ನ ಅಪ್ಪಣೆ ಕೇಳಿ ಬದುಕಿಲ್ಲ."

ಕಪ್ಪುಪರದೆಯವರು ಎದ್ದು ನನ್ನ ಕೈ ಹಿಡಿದರು.

"ಹಿಂದಿನ ಬಾಗಿಲಿಂದ ಹೋಗೋಣ್ವಾ?"

"ಯಾಕೆ, ಕದ್ದಿದ್ದೀವಾ?"

ಮುಂಬಾಗಿಲಿನ ಉದ್ದ ವರಾಂಡದಲ್ಲೇ ನಡೆದೆವು. ಡಾಕ್ಟರುಗಳು ನಿಂತರು. ಟೋಕನ್ ಹಿಡಿದ ರೋಗಿಗಳು ನೋವು ಮರೆತು ಕತ್ತು ಚಾಚಿದರು.

"ಎಲ್ಲಾ ನೋಡ್ತಿದ್ದಾರೆ," ಎಂದು ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಹಾಗಾದ್ರೆ ಕೈ ಸ್ವಲ್ಪ ಮೇಲೆತ್ತಿ ಹಿಡ್ಕೊಳ್ಳಿ. ಹಿಂದೆ ನಿಂತವರಿಗೂ ಕಾಣ್ಲಿ."