ಕೆಂಪು ದೀಪದಲ್ಲಿ ಬಿಳಿಚಿದ ಮುಖ

"ನನ್ನ ಮರ್ಯಾದೆ ಉಳಿಸಿ ಅಣ್ಣಾ!" ಎನ್ನುತ್ತ ಫೋಟೋ ಸ್ಟುಡಿಯೋದಲ್ಲಿ ಚಿತ್ರ ತಿದ್ದುವ ಅಕ್ಕ ನಮ್ಮ ವಸತಿಗೃಹದ ಬಾಗಿಲಲ್ಲೇ ಕುಸಿದು ಕೂತಳು.

ಅವಳು ಕರೆದದ್ದು ನನ್ನನ್ನಲ್ಲ. ನಾನು ಅಕ್ಷರ ಕೂಡಿಸಿ ಓದುವ ಅಡುಗೆಯವನು. ಕರೆದದ್ದು ಮಹಡಿಯ ಮೂಲೆಕೋಣೆಯಲ್ಲಿ ಖಾಯಮ್ಮಾಗಿದ್ದ ಬೇರಣ್ಣನವರನ್ನು. ಯಾವ ಮಾತು ಸಿಕ್ಕಿದರೂ ಬೇರು ಕಾಣುವ ತನಕ ಬಿಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಕಳ್ಳರನ್ನೂ ಹಾಗೆಯೇ ಹಿಡಿಯುತ್ತಿದ್ದರು.

ಸ್ಟುಡಿಯೋ ಯಜಮಾನರ ತಂದೆಯ ಕಾಲದ ಲೆನ್ಸು ಕಳುವಾಗಿತ್ತು. ಸಂಜೆಯೊಳಗೆ ಸಿಗದಿದ್ದರೆ ಅಕ್ಕನನ್ನು ಪೊಲೀಸರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ನಾವು ಕೂಡಲೇ ಹೊರಟೆವು.

"ಊಟ ಮುಗಿಸಿ ಬಂದು ಪೆಟ್ಟಿಗೆ ತೆಗೆದೆ, ಖಾಲಿ. ಆಗಲೇ ಎಲ್ಲರಿಗೂ ಗೊತ್ತಾಗಿದ್ದು," ಎಂದರು ಯಜಮಾನರು.

"ಇವಳದೇ ಕೆಲಸ ಭಾವ!" ಅವರ ಭಾವಮೈದುನ ಮುಂದೆ ಬಂದ. "ಬೆಳಿಗ್ಗೆ ಡಾರ್ಕ್‌ರೂಮಲ್ಲಿ ಫೋಟೋ ತೊಳೀತಿದ್ಳು. ಒಳಗೆ ಹೋಗಿ, ಲೆನ್ಸು ಎಲ್ಲಮ್ಮಾ ಅಂದೆ. ಮುಖ ಬಿಳಿಚಿಕೊಂಡ್ತು. ಕಣ್ಣಾರೆ ನೋಡಿದೀನಿ."

"ಬಂದಿದ್ದು ನಿಜ. ಏನೂ ಕೇಳ್ಲಿಲ್ಲ," ಎಂದಳು ಅಕ್ಕ.

ಬೇರಣ್ಣ ಹಗ್ಗದಲ್ಲಿ ಒಣಗುತ್ತಿದ್ದ ಚಿತ್ರಗಳನ್ನು ನೋಡಿದರು. ಒಂದೂ ಕೆಟ್ಟಿರಲಿಲ್ಲ. "ಆಗ ಬಾಗಿಲು ತೆರೆದಿತ್ತೇನಪ್ಪಾ?"

"ತೆರೆದಿದ್ರೆ ಕಾಗದವೆಲ್ಲ ಕಪ್ಪಾಗ್ತಿತ್ತು ಸ್ವಾಮಿ. ಅಷ್ಟೂ ಗೊತ್ತಿಲ್ವಾ?" ಭಾವಮೈದುನ ನಕ್ಕ.

"ಈಗ ಗೊತ್ತಾಯ್ತು. ಎಲ್ಲರೂ ಒಳಗೆ ಬನ್ನಿ."

ಬಾಗಿಲು ಮುಚ್ಚಿತು. ಕೆಂಪು ದೀಪವೊಂದೇ ಉರಿಯಿತು. ಬೇರಣ್ಣ ಹೇಳಿದಂತೆ ಅಕ್ಕ ನೋಡಲು ಖಾಲಿಯಾಗಿದ್ದ ಫೋಟೋ ಕಾಗದವೊಂದನ್ನು ಟ್ರೇಯ ನೀರಿನಂಥ ಔಷಧಿಯಲ್ಲಿ ಅದ್ದಿದಳು. ಏನೂ ಇಲ್ಲದ ಜಾಗದಿಂದ ಕಣ್ಣು, ಮೂಗು, ಒಂದು ಮಗುವಿನ ನಗು ಮೆಲ್ಲಗೆ ಎದ್ದು ಬಂತು. ನಾನು ಉಸಿರು ಬಿಡುವುದನ್ನೇ ಮರೆತೆ.

"ಅಡುಗೆ ಭಟ್ಟರೇ, ಇಲ್ಲಿ ನೋಡಿ. ನನ್ನ ಬಿಳಿ ಅಂಗಿ ಈಗ ಯಾವ ಬಣ್ಣ?"

"ಕೆಂಪು."

"ಯಜಮಾನರ ಮುಖ?"

"ಅದೂ ಕೆಂಪು. ಎಲ್ಲರದೂ ಒಂದೇ."

"ಇವನು ಮುಖ ಪೇಲವವಾಗಿತ್ತು ಅಂದಿದ್ರೆ ಒಪ್ಪಬಹುದಿತ್ತೇನೋ. ಅದು ಸಂಸ್ಕೃತದ ಮಾತು. ಮೂಲದಲ್ಲಿ ತೆಳು, ನವಿರು ಅಂತ ಅರ್ಥ. ಬಿಳಿಚು ಹುಟ್ಟಿದ್ದು ಬಿಳಿಯಿಂದ. ಅದಕ್ಕೆ ಬಣ್ಣ ಕಾಣಲೇಬೇಕು. ಇಲ್ಲಿ ಮುಖಕ್ಕೆ ರಕ್ತ ಏರಿದ್ರೂ ಇಳಿದ್ರೂ ಒಂದೇ. ಕಾಣಲಾಗದ್ದನ್ನ ಕಂಡೆ ಅಂದಮೇಲೆ ಅದು ಕಟ್ಟಿದ ಕತೆ. ಯಾಕೆ ಕಟ್ಟಿದ? ಲೆನ್ಸು ಹೋಗಿದೆ ಅಂತ ಎಲ್ಲರಿಗೂ ತಿಳಿದಿದ್ದು ಊಟದ ಮೇಲೆ. ನಿಜವಾಗಿ ಬೆಳಿಗ್ಗೆನೇ ಕೇಳಿದ್ದ ಅಂತಿಟ್ಕೊಂಡ್ರೂ, ಇವನಿಗೆ ಮಾತ್ರ ಮೊದಲೇ ತಿಳಿದಿದ್ದು ಹೇಗೆ?"

ಭಾವಮೈದುನನ ಮುಖವೂ ನಮ್ಮೆಲ್ಲರ ಮುಖದಂತೆಯೇ ಕೆಂಪಗೆ, ನಿಶ್ಚಿಂತೆಯಾಗಿ ಕಾಣುತ್ತಿತ್ತು.

"ಲೆನ್ಸು ಎಲ್ಲಪ್ಪಾ?" ಎನ್ನುತ್ತ ಬೇರಣ್ಣ ಬಾಗಿಲು ಪೂರ್ತಿ ತೆರೆದರು.

ಹಗಲು ಒಳಗೆ ನುಗ್ಗಿತು. ಆ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ, ತುಟಿಯೂ ಸುಣ್ಣದಂತಾಗಿತ್ತು.

"ಸ್ಕೂಟರ್ ಡಿಕ್ಕಿಯೊಳಗಿದೆ... ತಪ್ಪಾಯ್ತು ಭಾವ."

ಯಜಮಾನರು ಅವನತ್ತ ತಿರುಗಲಿಲ್ಲ. ಅಕ್ಕನ ಮುಂದೆ ಕೈ ಜೋಡಿಸಿ ನಿಂತರು. ಅವಳು ಕಣ್ಣೊರೆಸಿಕೊಂಡು, "ಅದಿರಲಿ, ಆ ಮಗು ಕಪ್ಪಾಯ್ತಲ್ಲ ಸ್ವಾಮಿ, ಇನ್ನೊಂದು ಕಾಗದ ಕೊಡಿ," ಎಂದು ಟ್ರೇ ಎತ್ತಿಕೊಂಡಳು.

ಬಿಳಿಚು ಅನ್ನುವ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಆಡಿದ್ದೆ. ಅದರೊಳಗಿನ ಬಿಳಿಯನ್ನು ಕಂಡದ್ದು ಅವತ್ತೇ.